ಟ್ರ್ಯಾಕ್ ಬದಲಾಯಿತೇ? ನೀವೂ ಬದಲಾಗಿ: ಟ್ರ್ಯಾಕ್ ಡೇಗೆ 7 ಸೂತ್ರಗಳು

ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದಲ್ಲಿ, ಶ್ರೀಪೆರಂಬುದೂರಿನ ಹತ್ತಿರ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. 3.717 ಕಿ.ಮೀ., 12 ತಿರುವು. ವಿಡಿಯೋ ನೋಡಿ ನೋಡಿ ಅಷ್ಟನ್ನೂ ಬಾಯಿಪಾಠ ಮಾಡಿದ್ದೀರಿ. ನಿಮ್ಮದೇ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಲು ನೀವು ಹೋದ ದಿನವೇ ಆಯೋಜಕರು ವೇಗಕ್ಕೆ ಕಡಿವಾಣ ಹಾಕಲು ನೇರದಾರಿಯಲ್ಲಿ ಕೋನ್ ಜೋಡಿಸಿ ಚಿಕೇನ್ (ಒಂದರ ಹಿಂದೊಂದು ಬರುವ ಎಡ-ಬಲ ತಿರುವು) ಮಾಡಿದ್ದರೆ? ಖುಷಿಪಡಿ. ಕಲಿಯಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

1. ಗೊಣಗಬೇಡಿ. 1994ರಲ್ಲಿ ಇಮೋಲಾದಲ್ಲಿ ಫಾರ್ಮುಲಾ ಒನ್ ಚಾಲಕರಾದ ರಾಟ್ಜೆನ್‌ಬರ್ಗರ್ ಮತ್ತು ಸೆನ್ನಾ ತೀರಿಕೊಂಡ ಮೇಲೆ ಬಾರ್ಸಿಲೋನಾದಲ್ಲಿ ಟೈರ್ ಪೇರಿಸಿ ಚಿಕೇನ್ ಮಾಡಿದರು. ಸ್ಪಾದ ಹೆಸರಾಂತ ಓ ರೂಜ್ ತಿರುವಿಗೂ ತಾತ್ಕಾಲಿಕ ಚಿಕೇನ್ ಬಂತು. ಆ ಎರಡೂ ರೇಸ್‌ಗಳ ಗೆಲುವು ದಾಖಲಾಗಿರುವುದು ಡೇಮನ್ ಹಿಲ್ ಹೆಸರಿನಲ್ಲಿ. ಟ್ರ್ಯಾಕ್ ಹೇಗಿದೆಯೋ ಹಾಗೆ ಓಡಿಸಿದವರಿಗೇ ಗೆಲುವು.

2. ಬ್ರೀಫಿಂಗ್ ತಪ್ಪಿಸಬೇಡಿ. ಇವತ್ತಿನ ಮ್ಯಾಪ್ ಫೋಟೋ ತೆಗೆದುಕೊಳ್ಳಿ. ಓವರ್‌ಟೇಕ್ ಎಲ್ಲಿ ಮಾಡಬಹುದು, ಪಿಟ್‌ಗೆ ಎಲ್ಲಿ ತಿರುಗಬೇಕು, ಕೇಳಿ. ಹಳದಿ ಬಾವುಟ ಕಂಡರೆ ವೇಗ ಇಳಿಸಿ, ಓವರ್‌ಟೇಕ್ ಬೇಡ. ಕೆಂಪು ಕಂಡರೆ ನಿಧಾನವಾಗಿ ಪಿಟ್‌ಗೆ ಬನ್ನಿ.

3. ಹಳೆಯ ಬ್ರೇಕಿಂಗ್ ಪಾಯಿಂಟ್ ಮರೆಯಿರಿ. ಎಲ್ಲಕ್ಕಿಂತ ಮುಖ್ಯ ಸೂತ್ರ ಇದೇ. 160 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 44 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ತಡವಾದರೂ 22 ಮೀಟರ್ ಹೋಯಿತು, ಕೋನ್ ಬಂಪರ್ ಅಡಿಗೆ ಬಂತು. ಹಳೆಯ ಬೋರ್ಡ್‌ಗಳು ಹೊಸ ಚಿಕೇನ್‌ನ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಜಾಗ ಬಿಟ್ಟು ಕದಲದ ಗುರುತೊಂದನ್ನು ಹುಡುಕಿ: ಮಾರ್ಷಲ್ ಪೋಸ್ಟ್, ಡಾಂಬರಿನ ತೇಪೆ, ಬೇಲಿಯ ಕಂಬ. ಮೊದಲ ಲ್ಯಾಪ್‌ಗಳಲ್ಲಿ ತೀರಾ ಮುಂಚೆಯೇ ಬ್ರೇಕ್ ಒತ್ತಿ. ಸ್ಟೀರಿಂಗ್ ನೇರವಿರುವಾಗಲೇ ಹೆಚ್ಚಿನ ಬ್ರೇಕಿಂಗ್ ಮುಗಿಸಿ. ಆಮೇಲೆ ಲ್ಯಾಪ್‌ನಿಂದ ಲ್ಯಾಪ್‌ಗೆ ಸ್ವಲ್ಪ ಸ್ವಲ್ಪವೇ ತಡ ಮಾಡುತ್ತಾ ಹೋಗಿ.

4. ಚಿಕೇನ್‌ನ ಎರಡನೇ ತಿರುವಿಗಾಗಿ ಮೊದಲನೆಯದನ್ನು ಬಿಟ್ಟುಕೊಡಿ. ಹೊರಬರುವಾಗಿನ ವೇಗ ಮುಂದಿನ ನೇರದಾರಿಯುದ್ದಕ್ಕೂ ಜೊತೆಗಿರುತ್ತದೆ. ಆದರೂ ಆಕ್ಸಲರೇಟರ್ ಮೆಲ್ಲಗೆ ಒತ್ತಿ. ಯಾರೂ ಓಡಿಸದ ಹೊಸ ಲೈನ್‌ನಲ್ಲಿ ಧೂಳು ಜಾಸ್ತಿ, ಹಿಡಿತ ಕಡಿಮೆ.

5. ಟೈರ್ ಪ್ರೆಶರ್ ಸೆಷನ್ ಮುಗಿದ ತಕ್ಷಣ ನೋಡಿ. ಬಿಸಿಗೆ ಏರಿರುತ್ತದೆ. ಕೊನೆಯ ಲ್ಯಾಪ್ ನಿಧಾನವಾಗಿ ಓಡಿಸಿ, ಬ್ರೇಕ್ ತಣಿಯಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಗೇರಿನಲ್ಲಿ ಬಿಡಿ. ಅದೇ ಕಾರಿನಲ್ಲಿ ಮನೆಗೆ ಹೋಗಬೇಕು!

6. "ನನ್ನಿಂದ ಆಗುತ್ತಾ?" ಎಂದು ಕೇಳಿಕೊಳ್ಳುವ ಚಟ ಬಿಡಿ. ಪ್ರತಿ ಸೆಷನ್‌ಗೆ ಒಂದೇ ಗುರಿ ಇಟ್ಟುಕೊಳ್ಳಿ. ಬ್ರೇಕಿಂಗ್ ಎಂದರೆ ಬ್ರೇಕಿಂಗ್ ಮಾತ್ರ. ಕೈಗೆ ಖಚಿತ ಕೆಲಸ ಸಿಕ್ಕರೆ ತಲೆಯಲ್ಲಿ ಅನುಮಾನಕ್ಕೆ ಜಾಗವಿರುವುದಿಲ್ಲ.

7. ಇನ್ಶೂರೆನ್ಸ್ ಪಾಲಿಸಿ ಇವತ್ತೇ ತೆಗೆದು ಓದಿ. ನಮ್ಮಲ್ಲಿನ ಸಾಮಾನ್ಯ ಕಾರ್ ಪಾಲಿಸಿ ರೇಸಿಂಗ್‌ಗೂ ಸ್ಪೀಡ್ ಟೆಸ್ಟಿಂಗ್‌ಗೂ ಅನ್ವಯಿಸುವುದಿಲ್ಲ. ಆಯೋಜಕರ ಫಾರ್ಮ್‌ಗೆ ಸಹಿ ಹಾಕುವ ಮೊದಲು, ಜಖಂ ಆದರೆ ಖರ್ಚು ಯಾರದ್ದು ಎಂದು ನೇರವಾಗಿ ಕೇಳಿ.