ಮುಚ್ಚಿದ ಪುಟಗಳು ಮರಳಿ ತೆರೆಯುವದೇಕೆ?

ನಿನ್ನೆ ಮುಚ್ಚಿದ ಬ್ರೌಸರನ್ನು ಇಂದು ತೆರೆದ ಕೂಡಲೆ ನಿನ್ನೆಯ ಟ್ಯಾಬುಗಳೇ ಎದುರಿಗೆ ಬಂದು ನಿಲ್ಲುವದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಿಗಳೂ ಕಂಡಿರಬಹುದು. ಇದರ ಕಾರಣವನ್ನು ತಿಳಿಯುವದು ಕಠಿಣವಲ್ಲ. ತಿಳಿಯದಿದ್ದರೆ ಮಾತ್ರ ಹಾನಿಯುಂಟು.

ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಒಂದು ದೃಷ್ಟಾಂತ ಸಾಕು. ಕಸೂತಿಯವಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆಗಳನ್ನೆಣಿಸಿ ಹೊಲಿಯುತ್ತಾಳೆ. ಮನಸ್ಸಿನೊಳಗಿನ ಎಣಿಕೆಯು ನಡುವೆ ಎದ್ದುಹೋದರೆ ಮರೆತುಹೋಗುವದು; ಬಟ್ಟೆಯ ಮೇಲೆ ಮೂಡಿದ ಹೊಲಿಗೆಯಾದರೋ ಮರುದಿನವೂ ಇರುವದು. ಅದನ್ನು ನೋಡಿ ಬಿಟ್ಟಲ್ಲಿಂದ ಮುಂದುವರಿಸಬಹುದು. ಕಂಪ್ಯೂಟರಿಗೂ ಹೀಗೆಯೇ ಎರಡು ಬಗೆಯ ನೆನಪುಂಟು. ಒಂದು ವಿದ್ಯುತ್ತು ಹೋದೊಡನೆ ಅಳಿಯುವದು. ಇನ್ನೊಂದು ಡಿಸ್ಕಿನಲ್ಲಿ ಉಳಿಯುವದು. ತೆರೆದ ಪುಟಗಳ ವಿಳಾಸವನ್ನೂ ಕ್ರಮವನ್ನೂ ಬ್ರೌಸರು ಆಗಾಗ್ಗೆ ಡಿಸ್ಕಿನಲ್ಲಿ ಬರೆದಿಡುತ್ತದೆ. ಫೈರ್‌ಫಾಕ್ಸಿನಲ್ಲಿ ಈ ಏರ್ಪಾಡು 2006ರಲ್ಲಿ ಹೊರಟ ಎರಡನೆಯ ಆವೃತ್ತಿಯಿಂದ ಇದೆ. ಅದು ಬದಲಾವಣೆಗಳನ್ನು ಸಾಮಾನ್ಯವಾಗಿ 15 ಸೆಕೆಂಡುಗಳಿಗೊಮ್ಮೆ ಬರೆದುಕೊಳ್ಳುವದು. ಆದಕಾರಣ ವಿದ್ಯುತ್ತು ಹಠಾತ್ತಾಗಿ ಹೋದರೂ, ನೋಡುತ್ತಿದ್ದ ಪುಟಗಳನ್ನು ಮತ್ತೆ ಪಡೆಯಬಹುದು. ಪ್ರತಿ ಸಲವೂ ಹಳೆಯ ಟ್ಯಾಬುಗಳು ತೆರೆಯಬೇಕೋ ಬೇಡವೋ ಎಂಬುದನ್ನು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲಿಯೂ ಸೆಟ್ಟಿಂಗ್ಸಿಗೆ ಹೋಗಿ ನಾವೇ ಗೊತ್ತುಪಡಿಸಬಹುದು.

ಮನೆಯಲ್ಲಿ ಉಪಕಾರವಾದದ್ದು ಸೈಬರ್ ಕೆಫೆಯಲ್ಲಿ ಅಪಾಯವಾಗಬಹುದು. ಹೇಗೆಂದರೆ, ಪುಟಗಳ ಸಂಗಡ ಕುಕೀ ಎಂಬ ಗುರುತುಗಳೂ ಉಳಿಯುತ್ತವೆ. ಲಾಗಿನ್ ಆದವರು ಯಾರೆಂಬುದನ್ನು ಜಾಲತಾಣವು ಇವುಗಳಿಂದಲೇ ಅರಿಯುವದು. ಹುಡುಗಿಯೊಬ್ಬಳು ಅಲ್ಲಿ ಕುಳಿತು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿ, ತನ್ನ ಇಮೇಲ್ ನೋಡಿ, ಬ್ರೌಸರನ್ನು ಮುಚ್ಚಿ ಹೊರಟಳೆನ್ನಿರಿ. ಹಳೆಯ ಟ್ಯಾಬುಗಳನ್ನು ತೆರೆಯುವ ಏರ್ಪಾಡು ಆ ಯಂತ್ರದಲ್ಲಿದ್ದರೆ, ಅವಳ ತರುವಾಯ ಕುಳಿತವನಿಗೆ ಅವಳ ಪತ್ರಗಳೆಲ್ಲ ತೆರೆದೇ ಸಿಕ್ಕಾವು. ಕದವನ್ನು ಮುಂದೆ ಮಾಡುವದು ಬೇರೆ, ಕೀಲಿ ಹಾಕುವದು ಬೇರೆ.

ಆದುದರಿಂದ ಪರರ ಯಂತ್ರದಲ್ಲಿ ಈ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಲಾಗ್ಔಟ್ ಮಾಡಿದ ಮೇಲೆಯೇ ಬ್ರೌಸರನ್ನು ಮುಚ್ಚಬೇಕು. ಎರಡನೆಯದು, ಪಾಸ್‌ವರ್ಡನ್ನು ಉಳಿಸಲೋ ಎಂದು ಬ್ರೌಸರು ಕೇಳಿದರೆ ಬೇಡವೆನ್ನಬೇಕು. ಮೂರನೆಯದು, ಸಾಧ್ಯವಿದ್ದಲ್ಲಿ ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿಯಲ್ಲಿಯೇ ಕೆಲಸ ಮಾಡಿ, ಕಡೆಗೆ ಅಂಥ ಕಿಟಕಿಗಳನ್ನೆಲ್ಲ ಮುಚ್ಚಬೇಕು. ಅಲ್ಲಿಯ ಟ್ಯಾಬುಗಳು ಮರಳಿ ಬಾರವು.

ಎದುರಿಗೆ ಕುಳಿತವರು ಬದಲಾದದ್ದು ಯಂತ್ರಕ್ಕೆ ತಿಳಿಯದು. ಆ ಎಚ್ಚರವನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವದು ಮನೆಯ ಮತ್ತು ಶಾಲೆಯ ಕರ್ತವ್ಯವಾಗಿದೆ.