ಪುಟ್ಟಿಯ ಚೀನಾ ಪ್ರಬಂಧಕ್ಕೆ ಅಜ್ಜಿಯ ಕಿವಿಮಾತು

ಪುಟ್ಟೀ, ನಿನ್ನ ಪ್ರಬಂಧದ ಮೊದಲ ಕರಡು ರಾತ್ರಿಯೇ ಓದಿದೆ. ಶಾಂಗ್‌ನಿಂದ ಚಿಂಗ್‌ವರೆಗೆ ವಂಶಗಳೆಲ್ಲ ಸಾಲಾಗಿ ಬಂದಿವೆ, ಇಸವಿಗಳೂ ಸರಿಯಾಗಿವೆ. ಆದರೆ ಇದನ್ನೆಲ್ಲ ನಮಗೆ ಹೇಳಿದವರು ಯಾರು ಅನ್ನೋದು ಒಂದು ಕಡೆಯೂ ಇಲ್ಲ. ನನಗೆ ಕೊರಗಾಗಿದ್ದು ಅದೊಂದೇ. ನಾಲ್ಕನೇ ಬ್ಲಾಕಿನಿಂದ ತಂದ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇವನ್ನು ಬರೆದಿಟ್ಟುಕೋ.

• ಮೂರೂವರೆ ಸಾವಿರ ವರ್ಷವನ್ನು ಆರು ಪುಟದಲ್ಲಿ ತುರುಕಬೇಡ. ಒಂದು ವಂಶ ಸಾಕು, ಅದರಲ್ಲೂ ಒಂದು ಪ್ರಶ್ನೆ. ‘ಹಾನ್ ವಂಶದ ಸಾಧನೆಗಳು’ ಅನ್ನೋದು ಪ್ರಶ್ನೆಯಲ್ಲ. ‘ಚಿನ್ ಸಾಮ್ರಾಜ್ಯ ಹದಿನೈದೇ ವರ್ಷಕ್ಕೆ ಕುಸಿದರೂ ಅದರ ಆಡಳಿತದ ಏರ್ಪಾಟನ್ನು ಹಾನ್ ಅರಸರು ಯಾಕೆ ಬಹುಮಟ್ಟಿಗೆ ಉಳಿಸಿಕೊಂಡರು?’ ಇದು ಪ್ರಶ್ನೆ.

• ಚಿನ್ ಬೇರೆ, ಚಿಂಗ್ ಬೇರೆ. ಮೊದಲನೆಯದು ಕ್ರಿ.ಪೂ. 206ಕ್ಕೆ ಮುಗಿಯಿತು, ಎರಡನೆಯದು ಬೀಜಿಂಗ್ ಹಿಡಿದದ್ದು ಕ್ರಿ.ಶ. 1644ರಲ್ಲಿ. ನಿನ್ನ ಅವಸರದ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗೇ ಹಳೇ ಪುಸ್ತಕದ ಹ್ಯುಯೆನ್ ತ್ಸಾಂಗ್, ಹೊಸ ಪುಸ್ತಕದ ಶ್ವಾನ್‌ಜಾಂಗ್ ಒಬ್ಬನೇ. ಒಂದು ರೂಪ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬರಿ.

• ತಾಂಗ್ ವಂಶವನ್ನೇ ಆರಿಸಿಕೊಂಡರೆ ನಮ್ಮ ನಾಡಿನಿಂದಲೇ ಅದಕ್ಕೊಂದು ಬಾಗಿಲಿದೆ. ಹ್ಯುಯೆನ್ ತ್ಸಾಂಗ್ 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. 645ರಲ್ಲಿ ಚಾಂಗಾನ್‌ಗೆ ಮರಳಿದ ಮೇಲೆ, ಚಕ್ರವರ್ತಿ ತೈಜಾಂಗ್ ಕೇಳಿದ್ದಕ್ಕೆ, ಮರುವರ್ಷ ತನ್ನ ಪ್ರವಾಸದ ಗ್ರಂಥ ಮುಗಿಸಿಕೊಟ್ಟ. ಇಲ್ಲಿನ ಜನ ಉಪಕಾರ ಮರೆಯುವವರಲ್ಲ, ಅವಮಾನ ಸಹಿಸುವವರಲ್ಲ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುತ್ತಾರೆ, ಹರ್ಷನಿಗೂ ಈ ರಾಜ್ಯ ಮಣಿಯಲಿಲ್ಲ ಎನ್ನುತ್ತಾನೆ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಲ್ಲೂ ಹರ್ಷ ಸೋತ ಮಾತಿದೆ. ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದವನು, ಹೊಗಳದೆ ಇರಲಾರ. ಹ್ಯುಯೆನ್ ತ್ಸಾಂಗ್ ಹರ್ಷನಿಂದಲೇ ಸತ್ಕಾರ ಪಡೆದವನು, ಪುಲಕೇಶಿಯ ಹಂಗು ಅವನಿಗಿಲ್ಲ. ಇಬ್ಬರೂ ಅದನ್ನೇ ಹೇಳಿದಾಗ ಮಾತಿಗೆ ತೂಕ ಬಂತು, ನೋಡು. ಹ್ಯುಯೆನ್ ತ್ಸಾಂಗ್‌ನ ಗ್ರಂಥದಲ್ಲಿ ಸೈನ್ಯದ ವಿವರ ಅಷ್ಟೊಂದು ಯಾಕೆ ಬಂತು ಅಂತಲೂ ಯೋಚಿಸು. ಓದಲಿದ್ದವನು ಚಕ್ರವರ್ತಿ.

• ದೊಡ್ಡ ಸಂಖ್ಯೆ ಕಂಡ ಕೂಡಲೇ ಪೆನ್ನು ಕೆಳಗಿಡು. ನಾನು ಬಿ.ಎ. ಓದುವಾಗ, 755ರಲ್ಲಿ ಎದ್ದ ಆನ್ ಲುಶಾನ್ ದಂಗೆಯಲ್ಲಿ 3.6 ಕೋಟಿ ಜನ ಸತ್ತರು ಎಂದು ಧೈರ್ಯವಾಗಿ ಬರೆದಿದ್ದೆ. ನಮ್ಮ ಮೇಷ್ಟ್ರು ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಒಂದೇ ಮಾತು ಬರೆದರು: ‘ಎಣಿಸಿದವರ್‍ಯಾರು?’ ಹುಡುಕಿಕೊಂಡು ಹೋದೆ. ದಂಗೆಗೆ ಮುಂಚೆ ಸರ್ಕಾರಿ ಲೆಕ್ಕದಲ್ಲಿ ಸುಮಾರು 5.3 ಕೋಟಿ ಜನ, 764ರಲ್ಲಿ 1.7 ಕೋಟಿ. ಸತ್ತವರು ಬಹಳ, ಸುಳ್ಳಲ್ಲ. ಆದರೆ ಊರು ಬಿಟ್ಟು ಓಡಿದವರು, ತೆರಿಗೆಗೆ ಹೆದರಿ ಹೆಸರು ಬರೆಸದವರು, ಆಸ್ಥಾನದ ಹಿಡಿತ ತಪ್ಪಿದ ಪ್ರಾಂತ್ಯದವರು, ಇವರೆಲ್ಲರೂ ಪಟ್ಟಿಯಿಂದ ಮಾಯವಾಗಿದ್ದರು. ನಾನು ದಫ್ತರದ ಲೆಕ್ಕವನ್ನು ಹೆಣದ ಲೆಕ್ಕ ಮಾಡಿದ್ದೆ. ಆ ಕೆಂಪು ಇಂಕು ಇವತ್ತಿಗೂ ಕಣ್ಣ ಮುಂದಿದೆ.

• ಒಂದು ವಂಶದ ಅಧಿಕೃತ ಚರಿತ್ರೆ ಬರೆಸುತ್ತಿದ್ದದ್ದು ಅದರ ನಂತರ ಬಂದವರು. ಮಿಂಗ್ ಚರಿತ್ರೆ ಪೂರ್ತಿಯಾದದ್ದು 1739ರಲ್ಲಿ, ಚಿಂಗ್ ಆಸ್ಥಾನದಲ್ಲಿ. ಹಿಂದಿನವರು ದೇವಲೋಕದ ಅಪ್ಪಣೆ ಕಳೆದುಕೊಂಡರು ಎಂದು ತೋರಿಸಿದರೆ ತಾನೇ ಇವರ ಸಿಂಹಾಸನ ನ್ಯಾಯದ್ದಾಗುವುದು? ಬಾದಾಮಿಯ ಕಥೆಯನ್ನು 642ರಲ್ಲಿ ಅದನ್ನು ಗೆದ್ದ ಪಲ್ಲವರ ಬಾಯಲ್ಲಷ್ಟೇ ಕೇಳಿದ ಹಾಗೆ. ಹಾನ್ ಕಾಲದ ಚರಿತ್ರೆಕಾರ ಸಿಮಾ ಚಿಯೆನ್‌ನದು ಬೇರೆ ಸಂಕಟ. ಸೋತ ಸೇನಾಪತಿಯ ಪರ ಮಾತಾಡಿದ್ದಕ್ಕೆ ವೂ ಚಕ್ರವರ್ತಿ ಅವನ ಪುರುಷತ್ವವನ್ನೇ ಕತ್ತರಿಸಿಹಾಕಿಸಿದ. ಆ ದೇಹದಲ್ಲೇ ಅವನು ತನ್ನ ಗ್ರಂಥ ಮುಗಿಸಿದ. ಹಾನ್ ಆಸ್ಥಾನದ ಬಗ್ಗೆ ಅವನು ಬರೆದದ್ದನ್ನು ಓದುವಾಗ ಇದು ನೆನಪಿರಲಿ.

• ಫೋಟೋದಲ್ಲಿ ಕಾಣುವ ಇಟ್ಟಿಗೆಯ ಮಹಾಗೋಡೆ ಬಹುಪಾಲು ಮಿಂಗ್ ಕಾಲದ್ದು. ಅದರ ಕೆಳಗೆ ಚಿನ್ ಚಕ್ರವರ್ತಿಯ ಹೆಸರು ಹಾಕಬೇಡ.

• ಎರಡನೇ ಕರಡಿಗೆ ಮುಂಚೆ ಒಂದು ಕೆಲಸ. ಭಾನುವಾರ ನನ್ನ ಜೊತೆ ಬಾ. ಬಿಟಿಎಂ ದಾಟಿ, ಬೊಮ್ಮನಹಳ್ಳಿಯಲ್ಲಿ ತಿರುಗಿ, ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗೋಣ. ಬೆಂಗಳೂರು ಕಾಳಗದಲ್ಲಿ ಮಡಿದವನ ಹೆಸರಿರುವ ಕಲ್ಲು ಅಲ್ಲಿದೆ, 890ರ ಸುಮಾರಿನದು. ಅದನ್ನು ಕೆತ್ತುವಾಗ ಚೀನಾದಲ್ಲಿ ತಾಂಗ್ ಅರಸರು ಇನ್ನೂ ಇದ್ದರು, 907ರವರೆಗೆ ಇದ್ದರು. ಕೆತ್ತಿಸಿದವರು ಯಾರು, ಯಾರು ಓದಲಿ ಎಂದು, ಏನನ್ನು ಬಿಟ್ಟರು, ಈ ಮೂರಕ್ಕೂ ಅಲ್ಲೇ ನಿಂತು ಉತ್ತರ ಬರಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ, ಏಳು ಗಂಟೆಗೆಲ್ಲ ಗೇಟಿನ ಹತ್ತಿರ ಇರು.