ಮಾತಿಲ್ಲದ ಭೂತ

ವಿದ್ಯೆಯು ವಿನಯವನ್ನು ಕೊಡುವುದೆಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ವಿನಯವಿಲ್ಲದ ವಿದ್ಯೆಯ ಗತಿಯನ್ನು ತೋರಿಸಲು ಚಲಚ್ಚಿತ್ರಗಳು ‘ಹುಚ್ಚು ವಿಜ್ಞಾನಿ’ಯ ಪಾತ್ರವನ್ನು ಬಳಸಿಕೊಂಡವು. ಅಲ್ಲಿ ತಪ್ಪು ಮಾಡುವವನು ಪಂಡಿತನು. ಆದರೆ ಪ್ರೇಕ್ಷಕರು ಹೆದರುವುದು ಬಹುಮಟ್ಟಿಗೆ ಬೇರೊಬ್ಬರಿಗೆ. ಆ ಬೇರೊಬ್ಬರು ಯಾರೆಂಬುದನ್ನು ಇಲ್ಲಿ ವಿಚಾರಿಸೋಣ.

ಇಂತಹ ಕಥೆಗಳಲ್ಲಿ ಪ್ರಸಿದ್ಧವಾದುದು ಮೇರಿ ಶೆಲ್ಲಿಯವರು 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ. ಅದು ವಿಜ್ಞಾನಿಯ ಹೆಸರು. ಅವನು ಜೀವ ತುಂಬಿದ ದೇಹಕ್ಕೆ ಹೆಸರೇ ಇಲ್ಲ. ಆದರೂ ಆ ಜೀವಿಯು ಗುಡಿಸಲೊಂದರ ಗೋಡೆಯ ಮರೆಯಲ್ಲಿದ್ದು, ಒಳಗಿನ ಪಾಠವನ್ನಾಲಿಸಿ ಭಾಷೆ ಕಲಿಯುತ್ತದೆ. ತನ್ನ ದುಃಖವನ್ನು ತಾನೇ ನಿವೇದಿಸುತ್ತದೆ. 1931ರಲ್ಲಿ ಜೇಮ್ಸ್ ವ್ಹೇಲ್ ಅವರು ಇದನ್ನು ಚಿತ್ರವಾಗಿಸಿದಾಗ ಆ ಮಾತು ಮಾಯವಾಯಿತು. ಬೋರಿಸ್ ಕಾರ್ಲಾಫ್ ಅಭಿನಯಿಸಿದ ಜೀವಿಗೆ ಉಳಿದದ್ದು ನರಳಾಟ ಮಾತ್ರ. 1935ರ ಮುಂದಿನ ಚಿತ್ರದಲ್ಲಿ ಅದು ಕೆಲವು ಮಾತುಗಳನ್ನು ಕಲಿತರೂ, ಅದಕ್ಕಾಗಿ ನಿರ್ಮಿಸಲ್ಪಟ್ಟ ವಧುವಿಗೆ ಚೀತ್ಕಾರವೊಂದೇ ದೊರೆಯಿತು. ಆ ಚಿತ್ರದ ಮೊದಲಲ್ಲಿ ಲೇಖಕಿಯಾಗಿ ಸೊಗಸಾಗಿ ಮಾತನಾಡುವವರೂ, ಕೊನೆಯಲ್ಲಿ ವಧುವಾಗಿ ಚೀರುವವರೂ ಎಲ್ಸಾ ಲ್ಯಾಂಚೆಸ್ಟರ್ ಎಂಬ ಒಬ್ಬರೇ ನಟಿ. 1957ರ ‘ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಆ ಜೀವಿಯು ಮತ್ತೆ ಮೂಕವಾಯಿತು.

ಮಾತು ಕಸಿಯುವುದು ಒಂದು ಉಪಾಯವಾದರೆ, ದುಷ್ಟನಿಗೆ ಪರದೇಶದ ವೇಷ ತೊಡಿಸುವುದು ಇನ್ನೊಂದು. 1932ರ ‘ದಿ ಮಾಸ್ಕ್ ಆಫ್ ಫು ಮಾಂಚು’ ಚಿತ್ರದಲ್ಲಿ ಕ್ರೂರ ಪಂಡಿತನು ಚೀನೀಯನು. ಬಣ್ಣ ಬಳಿದುಕೊಂಡು ಆ ಪಾತ್ರ ವಹಿಸಿದವರು ಅದೇ ಕಾರ್ಲಾಫ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರ ಪೂರ್ವಜರಲ್ಲಿ ಭಾರತೀಯರೂ ಇದ್ದರು.

ಈ ದೋಷ ಪಶ್ಚಿಮಕ್ಕಷ್ಟೇ ಸೀಮಿತವೆಂದು ನಾವು ಬೀಗಬೇಕಾಗಿಲ್ಲ. ನಮ್ಮಲ್ಲಿ ಹುಚ್ಚು ವಿಜ್ಞಾನಿಯ ಸ್ಥಾನದಲ್ಲಿ ಮಾಂತ್ರಿಕನಿದ್ದಾನೆ. ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ ಜನಿಸಿದ ಕೆ. ವಿ. ರೆಡ್ಡಿಯವರು 1951ರಲ್ಲಿ ನಿರ್ದೇಶಿಸಿದ ‘ಪಾತಾಳ ಭೈರವಿ’ಯಲ್ಲಿ, ಸಿದ್ಧಿಗಾಗಿ ಸಾಹಸಿ ಯುವಕನನ್ನು ಬಲಿಗೊಡಹೊರಟವನು ನೇಪಾಳದ ಮಾಂತ್ರಿಕನು. ಇಲ್ಲಿಯೂ ಭಯವು ಪರನಾಡಿನಿಂದಲೇ ಬಂದಿತು. ಮಾಂತ್ರಿಕನ ಪಾತ್ರವನ್ನು ಎಸ್. ವಿ. ರಂಗರಾವ್ ವಹಿಸಿದ್ದರು. ಆದರೆ ಅದೇ ನಿರ್ದೇಶಕರು 1957ರ ‘ಮಾಯಾಬಜಾರ್’ನಲ್ಲಿ ಅದೇ ನಟರನ್ನು ಘಟೋತ್ಕಚನನ್ನಾಗಿ ಮಾಡಿದರು. ಕಾಡಿನ ರಾಕ್ಷಸನಿಗೆ ತಾಯಿಯುಂಟು, ಸ್ನೇಹವುಂಟು, ಹಾಸ್ಯವುಂಟು. ಹೊಸ ಪದಗಳನ್ನು ಟಂಕಿಸುವ ತನ್ನ ಬಳಗವನ್ನು ಅವನು ಮೆಚ್ಚುತ್ತಾನೆ. ಮಾತು ದೊರೆತೊಡನೆ ರಾಕ್ಷಸನು ಮನೆಯವನಾದನು. ಮಕ್ಕಳು ಅವನಿಗೆ ಹೆದರುವುದಿಲ್ಲ, ಅವನೊಡನೆ ನಗುತ್ತಾರೆ.

ಈ ವಿಚಾರ ನಮಗೆ ದೂರದ್ದಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿದಾಗ ರಾಯದುರ್ಗವು ಆಂಧ್ರದಲ್ಲಿ ಉಳಿದು ಅನಂತಪುರ ಜಿಲ್ಲೆಗೆ ಸೇರಿತು. ಆ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳು, ಸಂಖ್ಯೆಯಲ್ಲಿ ಕಡಿಮೆಯಾದವರ ಪಾಡನ್ನು ಬಲ್ಲರು. ತಮ್ಮ ಮಾತಿನಲ್ಲಿ ತಮ್ಮ ಕಥೆ ಹೇಳಲಾಗದವರನ್ನು ಇತರರು ಹೇಗೆ ಬೇಕಾದರೂ ಚಿತ್ರಿಸಬಹುದು. ಹಾಗೆಯೇ, ನೆರೆಯವರನ್ನು ಚಿತ್ರಿಸುವ ಸರದಿ ನಮ್ಮದಾದಾಗ ನಾವೂ ಎಚ್ಚರವಾಗಿರಬೇಕು.

ಆದುದರಿಂದ ವಿದ್ಯಾರ್ಥಿಗಳು ಭಯಾನಕ ಚಿತ್ರವನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ತಪ್ಪು ಮಾಡಿದವರು ಯಾರು? ಅದರ ಫಲವನ್ನು ಉಣ್ಣುವವರು ಯಾರು? ಅವರಿಗೆ ಮಾತನಾಡಲು ಅವಕಾಶ ಸಿಕ್ಕಿತೇ? ಮೂರನೆಯ ಪ್ರಶ್ನೆಗೆ ‘ಇಲ್ಲ’ವೆಂಬ ಉತ್ತರ ಬಂದರೆ, ಆ ಕಥೆಯನ್ನು ನಾವಿನ್ನೂ ಪೂರ್ತಿಯಾಗಿ ಕೇಳಿಲ್ಲವೆಂದು ತಿಳಿಯತಕ್ಕದ್ದು.